ತೂತ್ ಬೀದಿಯ ಹಲ್ಲಿಮರಿಗಳು

ಜುಲೈ ತಿಂಗಳ ಒಂದು ಶನಿವಾರ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೈರೋದ ತೂತ್ ಬೀದಿ ಪೊಲೀಸ್ ಠಾಣೆಗೆ ಶಾಹಿನಾಜ್ ಎಂಬ ಹೆಂಗಸು ಬಂದು, ತನ್ನ ಮನೆಯಿಂದ ಹದಿನೇಳು ಹಲ್ಲಿಮರಿಗಳೂ ಒಂದು ತಾಯಿಹಲ್ಲಿಯೂ ಕಳುವಾಗಿವೆ ಎಂದು ದೂರು ಕೊಟ್ಟಳು. ಬರೆದುಕೊಳ್ಳಲು ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ದಸೂಕಿ ಪೆನ್ನು ಕೆಳಗಿಟ್ಟ.

"ಕಳುವಾಗಿವೆಯೋ, ಓಡಿಹೋಗಿವೆಯೋ?"

"ಕಳುವು."

"ಅಮ್ಮಾ, ನಮ್ಮನೇಲೂ ಹಲ್ಲಿ ಬೇಕಾದಷ್ಟಿವೆ. ನನ್ನ ಹೆಂಡ್ತಿ ಚಪ್ಪಲಿ ಹಿಡ್ಕೊಂಡು ದಿನಾ ಅವುಗಳ ಹಿಂದೆ ಓಡ್ತಾಳೆ. ಕದ್ದುಕೊಂಡು ಹೋಗೋ ಪುಣ್ಯಾತ್ಮ ಯಾರಾದ್ರೂ ಇದ್ರೆ ನಮ್ಮನೆ ವಿಳಾಸಾನೂ ಕೊಡಿ."

ಠಾಣೆಯಲ್ಲಿದ್ದವರೆಲ್ಲ ನಕ್ಕರು. ಪಾಸ್‌ಪೋರ್ಟ್ ಕಳೆದುಕೊಂಡು ಬೆಳಗಿನಿಂದ ಮೋರೆ ಇಳಿಬಿಟ್ಟುಕೊಂಡು ಕೂತಿದ್ದ ಒಬ್ಬ ಮುದುಕನೂ ನಕ್ಕ. ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಮುಹಾಬ್ ಶಿಹಾತಾ ನಗು ಕೇಳಿ ಹೊರಗೆ ಬಂದ. ಅವನು ನೋಡಿದ್ದು ನಗುವವರನ್ನಲ್ಲ, ನಗದೆ ನಿಂತಿದ್ದ ಹೆಂಗಸನ್ನು. ನಲವತ್ತರ ಆಸುಪಾಸು, ಪ್ರಯಾಣದ ಬಟ್ಟೆಯಲ್ಲೇ ಇದ್ದಳು, ಚಪ್ಪಲಿಗೆ ಸಮುದ್ರದ ಮರಳು ಮೆತ್ತಿತ್ತು. ಕಣ್ಣು ಅತ್ತು ಕೆಂಪಾಗಿತ್ತು. ಅಳುವವರು ಯಾಕೆ ಅಳುತ್ತಾರೆ ಎಂಬುದನ್ನು ಆಮೇಲೆ ನೋಡಿಕೊಂಡರಾಯಿತು, ಅಳು ನಿಜವೋ ಸುಳ್ಳೋ ಮೊದಲು ನೋಡಬೇಕು ಎಂಬುದು ಮುಹಾಬನ ಪದ್ಧತಿ. ಇದು ನಿಜದ ಅಳು.

ಅವಳು ಫೋನಿನಲ್ಲಿ ಚಿತ್ರ ತೋರಿಸಿದಳು. ಗೋಡೆಯ ಮೇಲಿನ ಹಲ್ಲಿಯಲ್ಲ ಇದು. ತಲೆಯ ಎರಡೂ ಅಂಚಿಗೆ ರೆಪ್ಪೆಗೂದಲಿನಂತೆ ಮುಳ್ಳುಮುಳ್ಳು ಜುಟ್ಟು, ಅಗಲ ಮೂತಿ, ಜೇನಿನ ಬಣ್ಣ. ಎಲ್ಲೋ ಪೆಸಿಫಿಕ್ ಸಾಗರದ ದ್ವೀಪದ್ದಂತೆ. ಕ್ರೆಸ್ಟೆಡ್ ಗೆಕ್ಕೊ ಎಂದು ಅದರ ಹೆಸರು. ಅವಳು ಆರು ವರ್ಷದಿಂದ ಮನೆಯ ಒಂದು ಕೋಣೆಯಲ್ಲಿ ಸಾಕಿ ಮರಿ ಮಾಡಿಸುತ್ತಿದ್ದಾಳೆ. ಗುರುವಾರ ಬೆಳಿಗ್ಗೆ ಸಮುದ್ರಕ್ಕೆ ಹೋದವಳು ಈ ದಿನ ಹಿಂತಿರುಗಿದರೆ ಮರಿಗಳ ಡಬ್ಬಿಗಳೆಲ್ಲ ಖಾಲಿ.

"ಬೇಗ ಹುಡುಕಿ ಸಾಹೇಬ್ರೇ," ಎಂದಳು. "ಇವು ಸೆಕೆ ತಡೆಯಲ್ಲ. ಇವತ್ತಿನಂಥ ಬಿಸಿಲಲ್ಲಿ ಹೊರಗಿಟ್ಟರೆ ಸಂಜೆಯೊಳಗೆ ಎಲ್ಲಾ ಹೋಗ್ತವೆ."

ಮುಹಾಬ್ ಎಫ್‌ಐಆರ್ ದಾಖಲಿಸಲು ಹೇಳಿದ. ದಸೂಕಿ "ಹಲ್ಲಿ" ಎಂದು ಬರೆಯುವಾಗ ಅವನ ಮೀಸೆ ಕುಣಿಯುತ್ತಿತ್ತು.

ಹನ್ನೆರಡೂವರೆಗೆ ಪಂಚನಾಮೆಗೆ ಹೋದರು. ಹಳೆಯ ಕಟ್ಟಡದ ನಾಲ್ಕನೇ ಮಹಡಿ. ಅಲ್ಲಿ ಆಗಲೇ ಇನ್ನೊಬ್ಬ ಹೆಂಗಸಿದ್ದಳು. ಶಾಹಿನಾಜಳ ಚಿಕ್ಕಪ್ಪನ ಮಗಳು ಹುವೈದಾ. ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆಯ ಟೀಚರು, ಎರಡು ಬೀದಿ ಆಚೆ ಒಬ್ಬಳೇ ಇರುವವಳು. ಸುದ್ದಿ ಕೇಳಿ ಓಡಿ ಬಂದಿದ್ದಳು. ಶಾಹಿನಾಜಳ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು, ಹೆಚ್ಚು ಮಾತಿಲ್ಲ.

ಮನೆಯ ಬಾಗಿಲು, ಕಿಟಕಿ, ಬೀಗ ಯಾವುದಕ್ಕೂ ಏಟು ಬಿದ್ದಿರಲಿಲ್ಲ. ಹಲ್ಲಿಗಳ ಕೋಣೆ ಏಸಿಯಿಂದ ತಂಪಾಗಿ, ಮಳೆ ನಿಂತ ಮಣ್ಣಿನ ವಾಸನೆ ಬರುತ್ತಿತ್ತು. ಗೋಡೆಗುಂಟ ಕಪಾಟು, ಕಪಾಟಿನಲ್ಲಿ ಗಾಜಿನ ಪೆಟ್ಟಿಗೆಗಳು, ಒಳಗೆ ಎಲೆ, ಬಳ್ಳಿ, ತೊಗಟೆ. ಮೇಲಿನ ಸಾಲಿನ ಪ್ಲಾಸ್ಟಿಕ್ ಡಬ್ಬಿಗಳು ಮಾತ್ರ ಬರಿದಾಗಿದ್ದವು. ಒಂದು ಮೂಲೆಯಲ್ಲಿ ಒದ್ದೆ ಪಾಚಿಯ ಮೇಲೆ ಜೋಡಿಜೋಡಿಯಾಗಿ ಮೊಟ್ಟೆಗಳಿದ್ದವು, ಪ್ರತಿಯೊಂದರ ನೆತ್ತಿಗೂ ಪೆನ್ಸಿಲಿನ ಒಂದು ಚುಕ್ಕೆ.

"ಈ ಚುಕ್ಕೆ ಯಾಕೆ?"

"ಇಟ್ಟ ಮೊಟ್ಟೆ ಹೊರಳಬಾರದು. ಹೊರಳಿದ್ರೆ ಒಳಗಿರೋದು ಸಾಯುತ್ತೆ. ಚುಕ್ಕೆ ಯಾವಾಗಲೂ ಮೇಲೇ ಇರಬೇಕು."

ಚುಕ್ಕೆಗಳೆಲ್ಲ ಮೇಲೆಯೇ ಇದ್ದವು. ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆಯಲ್ಲಿ, ಪಕ್ಕೆಗಳಿಗೆ ಸುಣ್ಣ ಬಳಿದಂತೆ ಬಿಳುಪಾಗಿದ್ದ ಒಂದು ಗಂಡು ಅಲುಗಾಡದೆ ಕೂತು ತನ್ನ ಕಣ್ಣನ್ನೇ ನಾಲಿಗೆಯಿಂದ ನೆಕ್ಕಿಕೊಂಡಿತು.

"ಇದನ್ನ ಯಾಕೆ ಬಿಟ್ಟು ಹೋದ?"

"ಅದೇ ನಂಗೂ ತಿಳೀತಿಲ್ಲ. ಬರೋರೆಲ್ಲ ಮೊದಲು ಕೇಳೋದು ಇದನ್ನೇ. ಇದರಂಥದ್ದು ಊರಲ್ಲಿ ಇನ್ನೊಂದಿಲ್ಲ."

ಅಷ್ಟರಲ್ಲಿ ದಸೂಕಿ ಇನ್ನೊಂದು ಪೆಟ್ಟಿಗೆಯೊಳಗಿದ್ದ ಸೋಡಾ ಬಾಟಲಿಯ ಮುಚ್ಚಳಕ್ಕೆ ಬೆರಳದ್ದಿ ಮೂಸಿ, ಮೂಸಿದ್ದು ಸಾಲದೆಂದು ನೆಕ್ಕಿಯೂ ಬಿಟ್ಟ. "ಏಪ್ರಿಕಾಟ್ ಜಾಮು ಸಾಹೇಬ್ರೇ!"

"ಅದು ಅವುಗಳ ಊಟ," ಎಂದಳು ಶಾಹಿನಾಜ್. "ಹಣ್ಣಿನ ಪುಡಿ, ಹುಳುವಿನ ಪುಡಿ."

ದಸೂಕಿ ಬಚ್ಚಲಿಗೆ ಓಡಿ ಬಾಯಿ ಮುಕ್ಕಳಿಸಿದ ಸದ್ದು ಇಡೀ ಮನೆಗೆ ಕೇಳಿತು. ಮುಹಾಬನಿಗೆ ನಗು ಬಂತು, ಅಷ್ಟು ದುಃಖದಲ್ಲೂ ಶಾಹಿನಾಜಳಿಗೂ ಬಂತು. ಹುವೈದಾ ನಗಲಿಲ್ಲ.

"ಕೀಲಿ ಯಾರ ಹತ್ರ ಇರುತ್ತೆ?"

"ಒಂದು ನನ್ನ ಹತ್ರ. ಇನ್ನೊಂದು ಬಖೀತ್ ಮಾವನ ಹತ್ರ. ಮಧ್ಯಾಹ್ನ ಕರೆಂಟ್ ಹೋಗುತ್ತಲ್ಲ, ಆಗ ಫ್ರಿಜ್‌ನಿಂದ ಐಸ್ ಗಟ್ಟಿಯಾದ ನೀರಿನ ಬಾಟ್ಲಿ ತೆಗೆದು ಡಬ್ಬಿಗಳ ಮಧ್ಯೆ ಇಡೋಕೆ ಹೇಳಿದ್ದೆ."

ಬಖೀತ್ ಎಂದರೆ ಆ ಕಟ್ಟಡದ ಬಾಗಿಲು ಕಾಯುವವನು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹೆಂಡತಿ ಹಮೀದಾ, ಇಬ್ಬರು ಮಕ್ಕಳ ಜತೆ ಹನ್ನೆರಡು ವರ್ಷದಿಂದ ಇದ್ದವನು. ಆಮೇಲೆ ನಡೆದದ್ದನ್ನು ಹೆಚ್ಚು ಹೇಳಬೇಕಾಗಿಲ್ಲ. ಯಾವ ಕಟ್ಟಡದಲ್ಲಿ ಏನು ಕಳೆದರೂ ಮೊದಲು ಹಿಡಿಯುವುದು ಬಾಗಿಲವನ ಕೊರಳಪಟ್ಟಿ. ಠಾಣೆಯ ಮುಖ್ಯಾಧಿಕಾರಿ ಇಸ್ಮತ್ ಬೇ ಫೋನಿನಲ್ಲೇ ತೀರ್ಪು ಕೊಟ್ಟರು. "ಕೀಲಿ ಅವನ ಹತ್ರ ಇತ್ತು. ಬೀಗ ಒಡೆದಿಲ್ಲ. ಇನ್ನೇನು ಕುರಾನಿನ ಮೇಲೆ ಕೈಯಿಟ್ಟು ಹೇಳ್ಬೇಕಾ? ಒಳಗೆ ಹಾಕು. ಹಲ್ಲಿ ಕಳ್ಳನ್ನ ಹಿಡಿಯೋಕೆ ನಾನು ಎರಡನೇ ದಿನ ಕೊಡಲ್ಲ."

ಸಂಜೆ ನಾಲ್ಕಕ್ಕೆ ಬಂಧನದ ಕಾಗದಕ್ಕೆ ಮುಹಾಬ್ ಸಹಿ ಹಾಕಿದ. ಬೆಣ್ಣೆ ಬಿಟ್ಟು ಬೂದಿ ಕದ್ದವನು ಎಂಥ ಕಳ್ಳ ಎಂಬ ಪ್ರಶ್ನೆ ಆಗಲೂ ಅವನ ತಲೆಯಲ್ಲಿತ್ತು. ಇದ್ದರೂ ಸಹಿ ಹಾಕಿದ.

ಬಖೀತ್ ದೂರದ ದಕ್ಷಿಣದ ಕೆನಾ ಕಡೆಯವನು. ಐವತ್ತು ದಾಟಿದ ಎತ್ತರದ ಆಳು. ವಿಚಾರಣೆಯ ಕೋಣೆಯಲ್ಲಿ ತಲೆಗೆ ಸುತ್ತಿದ್ದ ಪಾಗು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ಮರಿಗಳನ್ನ ಯಾರಿಗೆ ಕೊಟ್ಟೆ?"

"ನಾ ಯಾರಿಗಿ ಕೊಡ್ಲಿರಿ ಸಾಹೇಬ್ರ. ನಾ ಮುಟ್ಟಿಲ್ಲ."

"ಕೋಣೆಯೊಳಗೆ ಹೋಗಿದ್ದೆ ತಾನೇ?"

"ಹೋಗಿದ್ದೆರಿ. ಬಾಟ್ಲಿ ಇಟ್ಟೆ, ಬಾಗಿಲಾ ಹಾಕಿದೆ, ಹೊರಗ ಬಂದೆ. ಅರ್ಧಾ ಕಣ್ಣ ಮುಚ್ಚಿಕೊಂಡ ಹೋಗತಿದ್ನಿ. ಆ ಹುಳಾ ಮೈಮ್ಯಾಲೆ ಬಿದ್ರ ತೊನ್ನ ಬರತೈತಂತ ನಮ್ಮವ್ವ ಹೇಳತಿದ್ಲು."

"ಕೊನೇ ಸಲ ಹೋದಾಗ ಮರಿಗಳಿದ್ವಾ?"

"ಕಣ್ಣ ಮುಚ್ಚಿಕೊಂಡವ್ಗ ಏನ ಕಾಣತೈತ್ರಿ?"

ಇದೇ ಮಾತನ್ನು ಅವನಿಂದ ಆರು ಸಲ ಹೇಳಿಸಿ ಬರೆದುಕೊಂಡರು. ಆರು ಸಲವೂ ಒಂದಕ್ಷರ ಆಚೀಚೆ ಆಗಲಿಲ್ಲ. "ಬಾಯಿಪಾಠ ಮಾಡ್ಕೊಂಡು ಬಂದಿದಾನೆ" ಎಂದರು ಇಸ್ಮತ್ ಬೇ. ಆಚೀಚೆ ಆಗಿದ್ದರೆ ಸುಳ್ಳುಗಾರ ಎನ್ನುತ್ತಿದ್ದರು. ಬಡವನ ಮಾತಿಗೆ ಎರಡೂ ಕಡೆ ಮುಳ್ಳು.

ಠಾಣೆಯ ಮೆಟ್ಟಿಲ ಮೇಲೆ ಹಮೀದಾ ಊಟದ ಗಂಟು ಇಟ್ಟುಕೊಂಡು ಕೂತಿದ್ದಳು. ಮುಹಾಬ್ ಮನೆಗೆ ಹೊರಟಾಗ ಎದ್ದು ನಿಂತಳು.

"ಕಟ್ಟಡದವರು ಸಭೆ ಮಾಡ್ಯಾರ್ರಿ. ನಾಳೆ ಸಂಜಿ ಒಳಗ ಖೋಲಿ ಖಾಲಿ ಮಾಡಬೇಕಂತ. ನಿಯಾಬಾಕ್ಕ ಹೋದವನ ಹೇಣ್ತಿ ನಮ್ಮ ಬಾಗಲದಾಗ ಬ್ಯಾಡ ಅಂದ್ರು. ನಿಯಾಬಾ ಅಂದ್ರ ನಾಲ್ಕ ದಿನ ಒಳಗಿಡತಾರ, ಹೌದ್ರಿ?"

ಹೌದು. ಬಂಧಿಸಿ ಇಪ್ಪತ್ನಾಲ್ಕು ಗಂಟೆಯೊಳಗೆ ಅವನನ್ನು ನಿಯಾಬಾದ, ಅಂದರೆ ಸರ್ಕಾರಿ ಅಭಿಯೋಜಕರ ಮುಂದೆ ನಿಲ್ಲಿಸಬೇಕು. ಅವರು ಕಣ್ಣೆತ್ತಿ ನೋಡದೆ ನಾಲ್ಕು ದಿನ ಬರೆಯುತ್ತಾರೆ. ನಾಲ್ಕು ಎಂಟಾಗುತ್ತದೆ. ಅಷ್ಟರಲ್ಲಿ ಇವಳೂ ಮಕ್ಕಳೂ ಬೀದಿಯಲ್ಲಿರುತ್ತಾರೆ. ನಾಳೆ ಸಂಜೆ ನಾಲ್ಕು ಗಂಟೆಗೆ ಮುಂಚೆ ಮರಿಗಳು ಸಿಕ್ಕರೆ ಸಿಕ್ಕವು, ಇಲ್ಲವಾದರೆ ಆ ಸಂಸಾರ ಹೋಯಿತು. ಮುಹಾಬನಿಗೆ ಇದು ಗೊತ್ತಿದ್ದರಿಂದ ಅವಳ ಮುಖ ನೋಡಲಾಗಲಿಲ್ಲ. "ನೋಡೋಣ" ಎಂದಷ್ಟೇ ಹೇಳಿ ಹೋದ.

ಭಾನುವಾರ ಬೆಳಿಗ್ಗೆ ದಸೂಕಿ ಫೂಲ್ ಕಾಳಿನ ಪಲ್ಯ ತುಂಬಿದ ರೊಟ್ಟಿ ತಿನ್ನುತ್ತ ಬಂದ.

"ಹೊಟ್ಟೆ ಹೇಗಿದೆ? ಹಲ್ಲಿ ಊಟ ತಿಂದವನು ನೀನು," ಎಂದ ಮುಹಾಬ್.

"ಏನೂ ಆಗಿಲ್ಲ ಸಾಹೇಬ್ರೇ. ನಿಜ ಹೇಳ್ಬೇಕಂದ್ರೆ ನನ್ನ ಹೆಂಡ್ತಿ ಮಾಡೋ ಮಹಲಬಿಯಾ ಪಾಯಸಕ್ಕಿಂತ ಅದೇ ವಾಸಿ. ತೆಳ್ಳಗೆ, ನುಣ್ಣಗೆ, ಒಂದು ಗಂಟಿಲ್ಲ. ನಮ್ಮನೇಲಿ ಹೊತ್ತು ಮೀರಿದ್ರೆ ಕೆನೆ ಕಟ್ಟಿ ಚರ್ಮ ಆಗಿರುತ್ತೆ."

ಮುಹಾಬ್ ಚಹಾದ ಲೋಟ ಕೆಳಗಿಟ್ಟ. ಶಾಹಿನಾಜಳಿಗೆ ಫೋನು ಮಾಡಿದ.

"ಆ ಊಟ ಕಲಸಿಟ್ಟರೆ ಎಷ್ಟು ಹೊತ್ತು ಹಸಿಯಾಗಿರುತ್ತೆ?"

"ಆ ಕೋಣೆಯ ತಂಪಲ್ಲಿ ಒಂದು ದಿನ. ಮಾರನೇ ದಿನಕ್ಕೆ ಒಣಗಿ ಚಕ್ಕೆ ಆಗುತ್ತೆ."

"ನೀವು ಹೊರಟಿದ್ದು ಗುರುವಾರ ಬೆಳಿಗ್ಗೆ. ನಿನ್ನೆ ಮಧ್ಯಾಹ್ನ ನಮ್ಮ ದಸೂಕಿ ಬೆರಳದ್ದಿದಾಗ ಅದು ಪಾಯಸದ ಹಾಗೆ ತೆಳ್ಳಗಿತ್ತು. ಬಖೀತ್‌ಗೆ ಕಲಸೋಕೆ ಬರುತ್ತಾ?"

"ಇಲ್ಲ. ಅವನಿಗೆ ನಾನು ಅದನ್ನ ಹೇಳಿಕೊಟ್ಟೇ ಇಲ್ಲ."

ಕಳ್ಳ ಬಂದಿದ್ದಾನೆ. ಮರಿಗಳನ್ನು ಎತ್ತಿಕೊಂಡಿದ್ದಾನೆ. ಎತ್ತಿಕೊಂಡು ಹೊರಡುವ ಮುಂಚೆ, ಉಳಿದ ದೊಡ್ಡವುಗಳ ಒಣಗಿದ ಮುಚ್ಚಳಗಳನ್ನು ತೊಳೆದು, ಹೊಸದಾಗಿ ಊಟ ಕಲಸಿ, ಒಂದೊಂದಕ್ಕೂ ಬಡಿಸಿ ಹೋಗಿದ್ದಾನೆ. ಮೊಟ್ಟೆ ಹೊರಳದಂತೆ ನೋಡಿಕೊಂಡಿದ್ದಾನೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಮುಹಾಬ್ ಇಂಥ ಕಳ್ಳನನ್ನು ಕಂಡಿರಲಿಲ್ಲ. ಹಸಿದ ಪ್ರಾಣಿ ಎದುರಿಗಿದ್ದರೆ ಕದಿಯಲು ಬಂದಾಗಲೂ ಕೈ ತನ್ನಷ್ಟಕ್ಕೆ ಮುಚ್ಚಳದ ಕಡೆ ಹೋಗುವುದು ಎಂಥವರಿಗೆ? ದಿನಾ ಉಣಿಸಿ ರೂಢಿಯಿದ್ದವರಿಗೆ.

"ಶಾಹಿನಾಜ್ ಅಮ್ಮಾ, ಇನ್ನು ಮೂರು ಮಾತು. ಇವುಗಳಿಗೆ ಊಟ ಹಾಕೋದು ನಿಮ್ಮನ್ನ ಬಿಟ್ಟು ಯಾರಿಗೆ ಗೊತ್ತು?"

"ಹುವೈದಾಗೆ. ನಂಗೆ ಕಲಿಸಿದ್ದೇ ಅವಳು. ಮೊದಲು ಇಬ್ಬರೂ ಸೇರಿ ಶುರು ಮಾಡಿದ್ವಿ, ಆಮೇಲೆ ನಾನೊಬ್ಬಳೇ ನೋಡ್ಕೊಂಡೆ. ಮರಿಗಳ ಕೆಲಸಕ್ಕೆ ಮಾತ್ರ ಈಗಲೂ ಬರ್ತಾಳೆ."

"ನಿಮ್ಮ ಬಾಗಿಲಿನ ಬೀಗ ಎಷ್ಟು ಹಳೇದು?"

"ಅಜ್ಜಿ ಕಾಲದ್ದು. ಇದು ನಮ್ಮಜ್ಜಿ ಮನೆ, ನಾವಿಬ್ಬರೂ ಇಲ್ಲೇ ಬೆಳೆದದ್ದು. ಆಗ ಇಬ್ಬರ ಹತ್ರನೂ ಕೀಲಿ..."

"ಈಗ ಕೊನೇದು. ಇತ್ತೀಚೆಗೆ ನಿಮ್ಮಿಬ್ಬರಿಗೆ ಯಾಕೆ ಜಗಳ ಆಯ್ತು?"

ಶಾಹಿನಾಜ್ ನಿಧಾನಕ್ಕೆ ಹೇಳಿದಳು. ಕರೆಂಟಿನ ಕಾಟ ಸಾಕಾಗಿ ಎಲ್ಲವನ್ನೂ ಕುವೈತಿನ ಒಬ್ಬರಿಗೆ ಕೊಟ್ಟುಬಿಡಲು ಒಪ್ಪಿದ್ದಳು. ಮಂಗಳವಾರ ವಿಮಾನದಲ್ಲಿ ಕಳಿಸಬೇಕಿತ್ತು. ಮರಿಗಳು ಈ ಬಿಸಿಲಲ್ಲಿ ದಾರಿಯಲ್ಲೇ ಸಾಯುತ್ತವೆ, ನವೆಂಬರ್‌ವರೆಗೆ ಕಾಯಿ ಎಂದು ಹುವೈದಾ ಕೈ ಹಿಡಿದು ಬೇಡಿದ್ದಳು. "ನನ್ನವು, ನನ್ನಿಷ್ಟ ಅಂದೆ. ಸಾಹೇಬ್ರೇ, ಅವಳಲ್ಲ. ಅವಳು ನಂಗೆ ಒಡಹುಟ್ಟಿದವಳಿಗಿಂತ ಹೆಚ್ಚು."

ಹತ್ತು ಗಂಟೆಗೆ ಮುಹಾಬ್ ಅಭಿಯೋಜಕ ತಾಮಿರ್ ಬೇ ಅವರಿಗೆ ಫೋನು ಮಾಡಿ ಹುವೈದಾಳ ಮನೆ ಶೋಧಿಸಲು ಅನುಮತಿ ಕೇಳಿದ. ತಾಮಿರ್ ಬೇ ಹೊಸಬ, ಇಸ್ತ್ರಿ ಮುರಿಯದ ಮನುಷ್ಯ.

"ಏನು ಆಧಾರ?"

"ಮುಚ್ಚಳದಲ್ಲಿ ಗಂಜಿ ಹಸಿಯಾಗಿತ್ತು."

"ಯಾರು ನೋಡಿದ್ದು?"

"ನಮ್ಮ ಹೆಡ್ ಕಾನ್‌ಸ್ಟೇಬಲ್ ನೆಕ್ಕಿ ನೋಡಿದ."

ತಾಮಿರ್ ಬೇ ಬಹಳ ಹೊತ್ತು ನಕ್ಕರು. ನಕ್ಕು ಮುಗಿಸಿ, ಒಬ್ಬಂಟಿ ಟೀಚರಮ್ಮನ ಮನೆಗೆ ಹಲ್ಲಿಗಾಗಿ ಪೊಲೀಸರನ್ನು ನುಗ್ಗಿಸಿ ನಾಳೆ ಪತ್ರಿಕೆಯಲ್ಲಿ ಬರುವ ಆಸೆ ತಮಗಿಲ್ಲ, ನಾಲ್ಕು ಗಂಟೆಗೆ ಬಾಗಿಲವನನ್ನು ಕರೆತನ್ನಿ ಎಂದರು.

ಇನ್ನು ಉಳಿದದ್ದು ಒಂದೇ ದಾರಿ. ಬಾಗಿಲನ್ನು ಅವಳೇ ತೆಗೆಯಬೇಕು. ಮುಹಾಬ್ ಗೋಡೆಯ ಗಡಿಯಾರ ನೋಡಿದ. ಆ ಬೇಸಿಗೆಯಲ್ಲಿ ತೂತ್ ಬೀದಿಯ ಸುತ್ತಮುತ್ತ ದಿನವೂ ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಗುತ್ತಿತ್ತು.

ಒಂದೂ ಮುಕ್ಕಾಲಿಗೆ ಮುಹಾಬನೂ ದಸೂಕಿಯೂ ಹುವೈದಾಳ ಐದನೇ ಮಹಡಿಯ ಬಾಗಿಲು ಬಡಿದರು. ಅವಳು ಬಾಗಿಲು ತೆಗೆದು, ಸಮವಸ್ತ್ರ ನೋಡಿ, ತಕ್ಷಣ ನಕ್ಕು, "ಬನ್ನಿ ಬನ್ನಿ, ಮನೆ ಬೆಳಗಿತು" ಎಂದಳು. ಬಂದ ಅತಿಥಿಗೆ ಚಹಾ ಇಡದೆ ಕಳಿಸುವ ಮನೆ ಆ ಊರಿನಲ್ಲಿಲ್ಲ. ಅತಿಥಿ ಕಪ್ಪು ಖಾಲಿ ಮಾಡುವ ಮುಂಚೆ ಎದ್ದು ಒಳಗೆ ಹೋಗುವವಳೂ ಇಲ್ಲ. ಮುಹಾಬ್ ಈ ಮರ್ಯಾದೆಯನ್ನೇ ನಂಬಿ ಬಂದಿದ್ದ. ನಂಬಿ ಬಂದದ್ದಕ್ಕೆ ಅವನಿಗೆ ಸ್ವಲ್ಪ ನಾಚಿಕೆಯೂ ಆಗಿತ್ತು.

ಕೂತ ಕೋಣೆಯಲ್ಲಿ ತಲೆಯ ಮೇಲೆ ಫ್ಯಾನು ಬಿಸಿಗಾಳಿ ಕಡೆಯುತ್ತಿತ್ತು. ಎದುರಿಗೆ ಒಂದು ಮುಚ್ಚಿದ ಬಾಗಿಲು. ಅದರ ಕೆಳಸಂದಿಗೆ ಒದ್ದೆ ಟವೆಲು ತುರುಕಿತ್ತು. ಆಚೆ ಏಸಿಯ ಸದ್ದು.

"ಬಖೀತ್ ವಿಷಯ ಕೇಳಿಹೋಗೋಣ ಅಂತ ಬಂದ್ವಿ ಟೀಚರೇ. ಎಂಥ ಮನುಷ್ಯ?"

"ಒಳ್ಳೆಯವನು."

"ಅವನೇ ಕದ್ದಿರಬಹುದು ಅಂತ ನಿಮಗನ್ನಿಸುತ್ತಾ?"

ಅವಳು ಸಕ್ಕರೆ ಹಾಕುತ್ತಿದ್ದಳು. ಚಮಚ ಒಂದು ಕ್ಷಣ ನಿಂತಿತು. "ನಾನೇನು ಹೇಳ್ಲಿ. ಕೀಲಿ ಅವನ ಹತ್ರ ಇತ್ತಲ್ಲ."

ಎರಡು ಗಂಟೆಗೆ ಫ್ಯಾನು ನಿಂತಿತು. ಬಾಗಿಲಾಚೆಯ ಸದ್ದೂ ನಿಂತಿತು. ಕೆಳಗಿನ ಮನೆಯಲ್ಲಿ ಯಾರೋ ಸರ್ಕಾರದ ಏಳು ತಲೆಮಾರನ್ನು ನೆನೆದರು. ಹುವೈದಾ ಕಿಟಕಿಯ ಪರದೆ ಎಳೆದು ಬಂದು ಕೂತಳು. ಕೂತ ಮೇಲೆ ಅವಳ ಕಣ್ಣು ಒಂದು ಸಲ ಬಾಗಿಲ ಕಡೆ ಹೋಗಿ ಬಂತು.

"ಈ ಸೆಕೇಲಿ ಆ ಮರಿಗಳು ಎಲ್ಲಿವೆಯೋ ಪಾಪ," ಎಂದ ಮುಹಾಬ್.

"ತಗೊಂಡವರು ತಂಪಲ್ಲೇ ಇಟ್ಟಿರ್ತಾರೆ ಬಿಡಿ."

"ಬಖೀತ್ ಎಲ್ಲಿಂದ ತರ್ತಾನೆ ತಂಪು? ಅವನ ಕೋಣೇಲಿ ಕಿಟಕೀನೇ ಇಲ್ಲ."

ಮುಹಾಬ್ ಚಹಾವನ್ನು ಗುಟುಕು ಗುಟುಕಾಗಿ ಕುಡಿದ. ದಸೂಕಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅವನು ಎಂದಿಲ್ಲದಂತೆ ಬಾಯಿ ಮುಚ್ಚಿಕೊಂಡು ಕೂತಿದ್ದ.

"ಮರಿಗಳಿಗೆ ಹೇಗೆ ಉಣಿಸ್ತೀರಿ? ಅಷ್ಟು ಚಿಕ್ಕ ಬಾಯಿ."

ಇದಕ್ಕೆ ಅವಳ ಮುಖ ಬೇರೆಯಾಯಿತು. "ಹುಟ್ಟಿದ ತಕ್ಷಣ ಏನೂ ಕೊಡಬಾರದು. ಮೊದಲ ಚರ್ಮ ಕಳಚಿ, ಆ ಚರ್ಮಾನೇ ತಿನ್ನುತ್ತೆ. ಅದೇ ಅದರ ಮೊದಲನೇ ಊಟ. ಅಲ್ಲಿವರೆಗೆ ನೀರು ಸಿಂಪಡಿಸಿ ಸುಮ್ಮನಿರಬೇಕು, ಮುಟ್ಟಬಾರದು. ಆಮೇಲೆ ಬಣ್ಣ ಹಚ್ಚೋ ಸಣ್ಣ ಕುಂಚ ತಗೊಂಡು ಮೂತಿ ತುದಿಗೆ ಒಂದು ಹನಿ. ನೆಕ್ಕುತ್ತೆ. ಕೆಲವು ಹಟಮಾರಿ, ಮುಖ ತಿರುಗಿಸಿಬಿಡ್ತವೆ. ಅವಸರ ಮಾಡಿದ್ರೆ ಹೆದರಿ ಬಾಲ ಉದುರಿಸಿಬಿಡ್ತವೆ, ಇವುಕ್ಕೆ ಹೋದ ಬಾಲ ಮತ್ತೆ ಬರಲ್ಲ. ದಿನಾ ಕೂತು ಕಾಯಬೇಕು. ಒಂದು ದಿನ ತಾನೇ ಇಳಿದು ಬಂದು ಮುಚ್ಚಳದಿಂದ ನೆಕ್ಕೋಕೆ ಶುರು ಮಾಡುತ್ತೆ ನೋಡಿ..." ಅವಳ ಬೆರಳುಗಳು ಗಾಳಿಯಲ್ಲಿ ಇಲ್ಲದ ಕುಂಚವೊಂದನ್ನು ಹಿಡಿದಿದ್ದವು.

ಮುಹಾಬನಿಗೆ ಅವಳು ಇಷ್ಟವಾದಳು. ತೊಂದರೆಯಾದದ್ದು ಅದರಲ್ಲಲ್ಲ, ಮುಂದಿನ ಪ್ರಶ್ನೆಯನ್ನು ಇಷ್ಟವಾದವಳಿಗೆ ಕೇಳಬೇಕಾಗಿತ್ತು ಎಂಬುದರಲ್ಲಿ.

"ಸೆಕೆ ಹೆಚ್ಚಾದ್ರೆ ಏನಾಗುತ್ತೆ ಅವುಕ್ಕೆ?"

"ತಡೀತವೆ ಸ್ವಲ್ಪ ಹೊತ್ತು."

"ಆಮೇಲೆ?"

"ಆಮೇಲೆ ಗೋಡೆಯಿಂದ ಕೆಳಗಿಳಿದು ಬರ್ತವೆ. ಬಾಯಿ ತೆಗೀತವೆ."

"ಆಮೇಲೆ?"

ಅವಳು ಹಣೆ ಒರೆಸಿಕೊಂಡಳು. ಎರಡೂವರೆ ಕಳೆದಿತ್ತು. ಗೋಡೆಯೇ ಉಸಿರು ಬಿಡುವಂಥ ಬಿಸಿ. "ನಿಮಗೆ ಬೇರೆ ಕೆಲಸ ಇರಬೇಕಲ್ಲ ಸಾಹೇಬ್ರೇ. ನಾನು ನಿಮ್ಮನ್ನ ಕೂರಿಸಿಕೊಂಡುಬಿಟ್ಟೆ."

"ಇಲ್ಲಮ್ಮ. ಚಹಾ ಬಹಳ ಚೆನ್ನಾಗಿದೆ. ಇನ್ನೊಂದು ಕಪ್ ಸಿಗುತ್ತಾ?"

ಅವಳು ಎದ್ದು ಅಡುಗೆಮನೆಗೆ ಹೋದಳು. ಕೆಟಲಿನ ಸದ್ದು, ಬೆಂಕಿಕಡ್ಡಿಯ ಸದ್ದು. ಫ್ರಿಜ್ಜಿನ ಬಾಗಿಲು ತೆಗೆದ ಸದ್ದು, ಹಾಕಿದ ಸದ್ದು. ಬರಿಗೈಯಲ್ಲಿ ಬಂದು ಕೂತಳು. ದಸೂಕಿ ಮುಹಾಬನ ಕಿವಿಯಲ್ಲಿ, "ಸಾಹೇಬ್ರೇ, ನಿಜವಾಗ್ಲೂ ಒಳಗಿದ್ರೆ ಸತ್ತುಹೋಗ್ತವೆ" ಎಂದ. ಮುಹಾಬನಿಗೂ ಅದೇ ಭಯ. ಸತ್ತರೆ ಸಾಕ್ಷ್ಯವೂ ಸತ್ತಂತೆ, ಬಖೀತನೂ ಹೋದಂತೆ. ಇಲ್ಲವೇ ಒಳಗೆ ಏನೂ ಇಲ್ಲದೆ ತಾನೇ ಮೂರ್ಖನಾಗಿರಬಹುದು. ಆದರೂ ಅವನು ಕದಲಲಿಲ್ಲ.

ಎರಡನೇ ಕಪ್ಪು ಬಂತು. ಅವನು ಅದನ್ನೂ ಆರಿಸಿ ಆರಿಸಿ ಕುಡಿದ. ಹುವೈದಾಳ ಪಾದ ನೆಲಕ್ಕೆ ತಟ್ಟುತ್ತಿತ್ತು. ಮುಚ್ಚಿದ ಬಾಗಿಲ ಆಚೆ ಏನೋ ಪಟ್ ಎಂದು ಬಿತ್ತು. ಹಣ್ಣಿನ ಸಿಪ್ಪೆ ಬಿದ್ದಷ್ಟೇ ಸದ್ದು. ಮೂವರಿಗೂ ಕೇಳಿಸಿತು, ಮೂವರೂ ಕೇಳದವರಂತೆ ಕೂತರು.

"ಕೆಳಗಿಳಿದು ಬಂದು ಬಾಯಿ ತೆಗೀತವೆ ಅಂದ್ರಿ," ಎಂದ ಮುಹಾಬ್ ಮೆಲ್ಲಗೆ. "ಆಮೇಲೆ ಏನಾಗುತ್ತೆ ಟೀಚರೇ?"

ಅವಳು ಎದ್ದಳು. ಅಡುಗೆಮನೆಗೆ ಹೋದಳು. ಈ ಸಲ ತಿರುಗಿ ಬಂದಾಗ ತೋಳಿನಲ್ಲಿ ಟವೆಲು ಸುತ್ತಿದ ನಾಲ್ಕು ಹಿಮಗಟ್ಟಿದ ಬಾಟಲಿಗಳಿದ್ದವು, ನೀರು ಅವಳ ಎದೆಯ ಮೇಲೆ ಸುರಿಯುತ್ತಿತ್ತು. ಇಬ್ಬರು ಪೊಲೀಸರ ನಡುವೆ ಹಾದು, ಕಾಲಿನಿಂದ ಒದ್ದೆ ಟವೆಲನ್ನು ಸರಿಸಿ, ಮೊಣಕೈಯಿಂದ ಬಾಗಿಲು ದೂಡಿದಳು.

"ಬನ್ನಿ, ನೋಡ್ಕೊಳ್ಳಿ," ಎಂದಳು ತಿರುಗದೆ. "ಆದ್ರೆ ಬಾಗಿಲು ಬೇಗ ಹಾಕಿ. ತಂಪು ಹೋಗುತ್ತೆ."

ಒಳಗೆ ಮೇಜಿನ ಮೇಲೆ ಡಬ್ಬಿಗಳು ಸಾಲಾಗಿದ್ದವು. ಒಳಗಿನವು ಬೆರಳಿನಷ್ಟು ಉದ್ದ. ಮೂರು ತಳಕ್ಕಿಳಿದು ಬಾಯಿ ತೆರೆದು ಬಿದ್ದಿದ್ದವು. ಹುವೈದಾ ಬಾಟಲಿಗಳನ್ನು ನಡುವೆ ನಿಲ್ಲಿಸಿ, ನೀರು ಸಿಂಪಡಿಸಿ, ಆ ಮೂರನ್ನು ಒಂದೊಂದಾಗಿ ತಣ್ಣನೆಯ ಬಟ್ಟೆಯ ಮೇಲೆ ಮಲಗಿಸಿದಳು. ದಸೂಕಿ ಕೇಳದೆಯೇ ಟೋಪಿ ತೆಗೆದು ಗಾಳಿ ಹಾಕತೊಡಗಿದ. ಬಹಳ ಹೊತ್ತಿನ ಮೇಲೆ ಒಂದು ಬಾಯಿ ಮುಚ್ಚಿತು. ನಂತರ ಇನ್ನೊಂದು. ಮೂರನೆಯದು ತನ್ನ ಕಣ್ಣನ್ನು ನೆಕ್ಕಿಕೊಂಡಾಗ ದಸೂಕಿ "ಅಲ್ಲಾ!" ಎಂದು ಕೂಗಿದ. ಮುಹಾಬ್ ಎಣಿಸಿದ. ಹದಿನೇಳೂ ಇದ್ದವು, ತಾಯಿಯೂ ಇತ್ತು.

ಮೂರೂ ಕಾಲಿಗೆ ಪಂಚನಾಮೆ ಮುಗಿಯಿತು. ಮಹಿಳಾ ಕಾನ್‌ಸ್ಟೇಬಲ್ ಬಂದಳು. ಹೊರಡುವ ಮುಂಚೆ ಹುವೈದಾ ಮುಚ್ಚಳಗಳಿಗೆ ಊಟ ಕಲಸಿ ಹಾಕುತ್ತೇನೆ ಎಂದಳು. ಮುಹಾಬ್ ಬೇಡವೆನ್ನಲಿಲ್ಲ.

ಠಾಣೆಯಲ್ಲಿ ಅವಳು ಮುಚ್ಚುಮರೆಯಿಲ್ಲದೆ ಹೇಳಿಕೆ ಕೊಟ್ಟಳು. ಶುಕ್ರವಾರ ಜನರೆಲ್ಲ ನಮಾಜಿಗೆ ಹೋಗಿದ್ದಾಗ ತನ್ನ ಬಳಿ ಉಳಿದಿದ್ದ ಅಜ್ಜಿಯ ಕಾಲದ ಕೀಲಿಯಿಂದ ಬಾಗಿಲು ತೆಗೆದಿದ್ದಳು. ಐಸ್ ತುಂಬಿದ ಪಿಕ್ನಿಕ್ ಪೆಟ್ಟಿಗೆಯಲ್ಲಿ ಮರಿಗಳನ್ನು ತಂದಿದ್ದಳು. ದೊಡ್ಡವು ಪ್ರಯಾಣ ತಡೆಯುತ್ತವೆ, ಅದಕ್ಕೆ ಅವನ್ನು ಬಿಟ್ಟಳು. ಮೊಟ್ಟೆಯಿಟ್ಟು ಸೊರಗಿದ್ದ ಒಂದು ತಾಯಿ ತಡೆಯುವಂತಿರಲಿಲ್ಲ, ಅದಕ್ಕೆ ತಂದಳು. ನವೆಂಬರ್ ಆದಮೇಲೆ ಹಿಂತಿರುಗಿಸುವ ಯೋಚನೆಯಿತ್ತು.

"ಅವುಕ್ಕೆ ಕೂಗೋಕೆ ಬರಲ್ಲ ಸಾಹೇಬ್ರೇ. ರೆಪ್ಪೆಯಿಲ್ಲ, ಕಣ್ಣು ಮುಚ್ಚಿಕೊಳ್ಳೋಕೂ ಆಗಲ್ಲ. ಅವುಗಳ ಪರವಾಗಿ ನಾನು ಎಷ್ಟು ಹೇಳಿದ್ರೂ ನನ್ನವು, ನನ್ನಿಷ್ಟ ಅಂದ್ಲು. ಯಾರಾದ್ರೂ ಏನಾದ್ರೂ ಮಾಡ್ಲೇಬೇಕಿತ್ತು."

ಮುಹಾಬ್ ಅದನ್ನು ಬರೆದುಕೊಂಡ. ಪೆನ್ನಿಡಲಿಲ್ಲ.

"ಬಖೀತ್?"

ಅವಳು ತಲೆ ತಗ್ಗಿಸಿದಳು.

"ನಿನ್ನೆ ಅವನನ್ನ ಕರ್ಕೊಂಡು ಹೋಗುವಾಗ ನೀವು ಅಲ್ಲೇ ನಿಂತಿದ್ರಿ. ಇವತ್ತು ನಾನು ಕೇಳಿದ್ರೆ ಕೀಲಿ ಅವನ ಹತ್ರ ಇತ್ತು ಅಂದ್ರಿ. ಮರಿಗಳಿಗೆ ಒಂದು ಗಂಟೆ ಸೆಕೆ ನಿಮ್ಮಿಂದ ನೋಡೋಕಾಗ್ಲಿಲ್ಲ. ಅವನು ಆ ಲಾಕಪ್ಪಲ್ಲಿ ನಲವತ್ತು ಜನರ ಮಧ್ಯೆ ಒಂದು ರಾತ್ರಿ, ಒಂದು ಹಗಲು ಇದ್ದ."

"ಅವನಿಗೆ ಬಾಯಿದೆಯಲ್ಲ," ಎಂದಳು ಹುವೈದಾ. ಅವಳ ಧ್ವನಿ ಕೇಳಿಸದಷ್ಟು ಸಣ್ಣಗಾಗಿತ್ತು. "ಬಾಯಿದ್ದವನು ಬರಗಾಲದಲ್ಲೂ ಬದುಕ್ತಾನೆ ಅಂತಾರೆ. ಹೇಳ್ಕೊಂಡು ಹೊರಗೆ ಬರ್ತಾನೆ ಅಂದ್ಕೊಂಡೆ."

"ಹೇಳ್ಕೊಂಡ ಟೀಚರೇ. ಆರು ಸಲ ಹೇಳ್ಕೊಂಡ. ನಾನೇ ಬರ್ಕೊಂಡೆ, ನಾನೇ ನಂಬಲಿಲ್ಲ."

ಅವಳು ಆಗ ಅತ್ತಳು. ಮುಹಾಬ್ ನೀರು ತರಿಸಿಕೊಟ್ಟ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬಖೀತನ ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿ, ತಾನೇ ಕೆಳಗೆ ಹೋಗಿ ಲಾಕಪ್ ತೆಗೆಸಿ, "ತಪ್ಪಾಯ್ತು ಮಾವ, ನನ್ನ ಮೇಲಿರಲಿ" ಎಂದು ಅವನ ತಲೆಗೆ ಮುತ್ತಿಟ್ಟ. ಬಖೀತ್ "ಇರಲಿ ಬಿಡ್ರಿ ಸಾಹೇಬ್ರ" ಎಂದ. ಬಾಗಿಲು ಕಾಯುವವನು ಇನ್ನೇನು ಎನ್ನಲು ಸಾಧ್ಯ?

ಮುಹಾಬ್ ಅವನನ್ನೂ ಹಮೀದಾಳನ್ನೂ ಜೀಪಿನಲ್ಲಿ ಕೂರಿಸಿಕೊಂಡು ಕಟ್ಟಡಕ್ಕೆ ಹೋದ. ಸಂಜೆಯವರೆಗೆ ಎಂದಿದ್ದವರು ಸಂಜೆಯವರೆಗೆ ಕಾದಿರಲಿಲ್ಲ. ಗ್ಯಾಸ್ ಒಲೆ, ಪಾತ್ರೆ, ಹಾಸಿಗೆ ಎಲ್ಲ ಬಿಸಿಲಿನ ಪಾದಚಾರಿ ಕಟ್ಟೆಯ ಮೇಲಿದ್ದವು. ಮಕ್ಕಳಿಬ್ಬರೂ ಅದರ ಮೇಲೆ ಕೂತಿದ್ದರು. ನಾಲ್ಕೈದು ಬಾಲ್ಕನಿಗಳಿಂದ ತಲೆಗಳು ಹೊರಬಂದು, ಜೀಪು ನೋಡಿ ಒಳಗೆ ಹೋದವು. ಶಾಹಿನಾಜ್ ಕೆಳಗಿಳಿದು ಬಂದು, ಏನು ಹೇಳಬೇಕೆಂದು ತೋಚದೆ ದೂರದಲ್ಲಿ ನಿಂತಳು.

"ಎಲ್ಲಾ ಒಳಗೆ ಇಡಿ ಮಾವ," ಎಂದ ಮುಹಾಬ್. "ನಿನ್ನನ್ನ ಯಾರು ತಡೀತಾರೋ ನಾನು ನೋಡ್ತೀನಿ."

ಬಖೀತ್ ಪಾಗು ಬಿಗಿಯಾಗಿ ಸುತ್ತಿಕೊಂಡ. ಹಾಸಿಗೆಯನ್ನು ಮಡಚಿ ಹಗ್ಗ ಬಿಗಿದ. ರೈಲ್ವೆ ಸ್ಟೇಷನ್ ಕಡೆ ಹೋಗುತ್ತಿದ್ದ ಒಂದು ಗಾಡಿಯನ್ನು ಕೈಮಾಡಿ ನಿಲ್ಲಿಸಿದ.

"ಬ್ಯಾಡ್ರಿ ಸಾಹೇಬ್ರ. ಇವತ್ತ ನೀವು ಬಂದ್ರಿ, ಹಲ್ಲಿ ಸಿಕ್ಕುವು, ನಾ ಹೊರಗ ಬಂದೆ," ಎಂದ. "ನಾಳಿ ಇನ್ನೊಂದ ಏನರ ಕಳದ್ರ?"

ಮುಹಾಬ್ ಬಗ್ಗಿ ಹಾಸಿಗೆಯ ಇನ್ನೊಂದು ತುದಿ ಹಿಡಿದುಕೊಂಡ.